ದೇವರಿಗೆ ಮಾತ್ರ ಬಾಲ್ ಪೆನ್ನು

ಕುಂದಾಪುರ ಕೋಡಿಯ ದೇವುವಿಗೆ ಐವತ್ತೆರಡು ವರ್ಷ ಪ್ರಾಯ ಆಗುವ ತನಕ ಪೆನ್ನು ಎಂಬ ವಸ್ತುವಿನ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಬಂದರಿನಲ್ಲಿ ಮೀನಿನ ಏಲಂ ಕೂಗುವುದು ಅವನ ಕೆಲಸ. ಅದಕ್ಕೆ ಬೇಕಾದದ್ದು ಗಂಟಲು, ಅದನ್ನು ದೇವರು ಇಬ್ಬರಿಗಾಗುವಷ್ಟು ಕೊಟ್ಟಿದ್ದ. ಏನಾದರೂ ಗೀಚಿಕೊಳ್ಳುವುದಿದ್ದರೆ ಐಸ್ ಪ್ಲಾಂಟಿನವರು ವರ್ಷಕ್ಕೊಮ್ಮೆ ಪುಕ್ಕಟೆ ಕೊಡುವ ಬಾಲ್ ಪೆನ್ನು ಕಿವಿಯ ಸಂದಿಯಲ್ಲಿ ಇರುತ್ತಿತ್ತು. ಬರೆದರೆ ಬರೆಯಿತು, ಇಲ್ಲದಿದ್ದರೆ ಬೆನ್ನು ತುರಿಸಿಕೊಳ್ಳಲಿಕ್ಕೆ ಆಯಿತು. ಇಂಥ ಮನುಷ್ಯ ಒಂದು ಹಳೆಯ ಇಂಕ್ ಪೆನ್ನು ಕೊಂಡು, ಬೈಂದೂರಿನಿಂದ ಬ್ರಹ್ಮಾವರದ ತನಕ ಬೆಕ್ಕುಗಳ ನಿದ್ದೆ ಕೆಡಿಸಿ, ಇನ್ನೇನು ಒಂದು ಮದುವೆಯನ್ನೇ ಮುರಿಯುವವನಿದ್ದ ಎಂದರೆ ನೀವು ನಂಬುವುದಿಲ್ಲ. ಅವನ ಹೆಂಡತಿ ಶ್ರೀಲತಾ ಮಾತ್ರ ಕೂಡಲೇ ನಂಬಿದಳು. ಅವಳಿಗೆ ಇಪ್ಪತ್ತೈದು ವರ್ಷದ ಅನುಭವ.

ಮದುವೆ ಅವನ ಅಕ್ಕ ಜಲಜಳ ಮಗಳು ಪ್ರೇಕ್ಷಾಳದ್ದು. ಅವಳಿಗೆ ಆರು ವರ್ಷವಾಗಿದ್ದಾಗ ತಂದೆ ತೀರಿಹೋದರು. ಅಂದಿನಿಂದ ಅವಳನ್ನು ಶಾಲೆಗೆ ಬಿಟ್ಟವನು, ಜ್ವರ ಬಂದರೆ ಎತ್ತಿಕೊಂಡು ಓಡಿದವನು, ಶಾಲೆಯ ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲಿನಲ್ಲಿ ಕೂತು ಏಲಂ ಸ್ವರದಲ್ಲಿ ಚಪ್ಪಾಳೆಗೆ ಕರೆ ಕೊಟ್ಟವನು ಎಲ್ಲ ದೇವುವೇ. ಅವಳ ಮದುವೆಯಲ್ಲಿ ಧಾರೆ ಎರೆಯುವವನೂ ಅವನೇ ಎಂದು ಮನೆಯಲ್ಲಿ ಎಂದೋ ತೀರ್ಮಾನವಾಗಿತ್ತು. ಆ ಒಂದು ಗಳಿಗೆಗಾಗಿ ಅವನು ನಾಲ್ಕು ವರ್ಷದ ಹಿಂದೆಯೇ ರೇಷ್ಮೆ ಪಂಚೆ ತಂದಿಟ್ಟು, ಪ್ರತಿ ಚೌತಿಗೆ ಪೆಟ್ಟಿಗೆಯಿಂದ ತೆಗೆದು ನೋಡಿ ಮತ್ತೆ ಮಡಚಿ ಇಡುತ್ತಿದ್ದ.

ಹುಡುಗ ಬ್ರಹ್ಮಾವರದ ಶೈಲೇಶ್. ಅವನ ತಂದೆ ಕೊರಗ ಮಾಸ್ಟ್ರು ಹೆಡ್‌ಮಾಸ್ಟ್ರಾಗಿ ನಿವೃತ್ತರಾದವರು, ಒಳ್ಳೆಯ ಜನ. ಆದರೆ ನಿಶ್ಚಯದ ದಿನ ಅವರ ಚಾವಡಿಯಲ್ಲಿ ಒಂದು ಎಡವಟ್ಟಾಯಿತು. ನಿಶ್ಚಯದ ಕಾಗದಕ್ಕೆ ಎರಡೂ ಕಡೆಯ ಹಿರಿಯರು ಸಹಿ ಹಾಕಬೇಕು. ಮಾಸ್ಟ್ರು ಜೇಬಿನಿಂದ ದಪ್ಪದ ಇಂಕ್ ಪೆನ್ನು ತೆಗೆದು, ಮುಚ್ಚಳವನ್ನು ಮೂರು ಸುತ್ತು ತಿರುಗಿಸಿ, ಒಂದು ಸಹಿ ಹಾಕಿದರು. ಸೇರಿದವರೆಲ್ಲ ಅದನ್ನು ದೀಪಾರಾಧನೆ ನೋಡಿದಂತೆ ನೋಡಿದರು. ದೇವು ಕಿವಿಯಿಂದ ಐಸ್ ಪ್ಲಾಂಟಿನ ಪೆನ್ನು ತೆಗೆದ. ಅದು ಬರೆಯಲಿಲ್ಲ. ಕೊಡವಿದ, ಬಾಯಿಂದ ಊದಿದ, ಅಂಗೈಗೆ ಉಜ್ಜಿದ. ಕೊನೆಗೆ ಒತ್ತಿ ಗೀಚಿದಾಗ ಕಾಗದಕ್ಕೆ ತೂತು ಬಿತ್ತು, ಅಕ್ಷರ ಬೀಳಲಿಲ್ಲ.

"ತಕಣಿ, ಇದ್ರಗೆ ಹಾಕಿ," ಎಂದು ಮಾಸ್ಟ್ರು ತಮ್ಮ ಪೆನ್ನನ್ನೇ ಕೊಟ್ಟರು. ದೇವು ಸಹಿ ಹಾಕಿ ಹಿಂದೆ ಕೊಟ್ಟ. ಮಾಸ್ಟ್ರು ಕರವಸ್ತ್ರ ತೆಗೆದು ಪೆನ್ನನ್ನು ಚೆನ್ನಾಗಿ ಒರೆಸಿ ಜೇಬಿಗೆ ಹಾಕಿಕೊಂಡರು.

ಆ ಒರೆಸಿದ್ದೇ ಎಲ್ಲ ಅನಾಹುತಕ್ಕೆ ಮೂಲ. ಮನೆಗೆ ಬರುವ ದಾರಿಯಲ್ಲಿ ದೇವು ತನ್ನ ಅಂಗೈಯನ್ನು ಹನ್ನೊಂದು ಸಲ ಮೂಸಿ ನೋಡಿದ. ಸಾಲಿಗ್ರಾಮ ದಾಟುವಾಗ ಶ್ರೀಲತಾ ಕೇಳಿದಳು, "ಎಂತ ಆಯ್ತ್ ನಿಮ್ಗೆ?"

"ನನ್ ಕೈ ಮೀನ್ ವಾಸ್ನೆ ಬತ್ತಾ?"

"ಮೂವತ್ ವರ್ಷ ಮೀನ್ ಮುಟ್ಟಿದ್ ಕೈ ಮತ್ತೆ ಎಂತ ವಾಸ್ನೆ ಬರ್ಕ್, ಸಂಪ್ಗೆ ಹೂವಿಂದಾ?"

ದೇವು ಅಂಗೈಯನ್ನು ಪಂಚೆಗೆ ಉಜ್ಜಿದ. ಮದುವೆಯೊಳಗೆ ಮಾಸ್ಟ್ರ ಪೆನ್ನಿಗಿಂತ ಹಳೆಯ, ಮಾಸ್ಟ್ರ ಪೆನ್ನಿಗಿಂತ ದಪ್ಪದ ಪೆನ್ನು ತೆಗೆದುಕೊಳ್ಳಬೇಕೆಂದು ನಿಶ್ಚಯ ಮಾಡಿದ.

ವಿಚಾರಿಸಿದಾಗ ಬ್ರಹ್ಮಾವರದಲ್ಲೇ ಒಂದು ಇದೆ ಎಂದು ಗೊತ್ತಾಯಿತು. ಸುಗುಣಮ್ಮ ಎಂಬ ಹಿರಿಯ ಹೆಂಗಸು, ಅವರ ಗಂಡ ನಲವತ್ತು ವರ್ಷ ದಸ್ತಾವೇಜು ಬರೆದವರು. ಅವರು ಹೋದ ಮೇಲೆ ಪೆನ್ನು ಡಬ್ಬಿಯಲ್ಲೇ ಕೂತಿತ್ತು. ದೇವು ಬೆಳಿಗ್ಗೆ ಹತ್ತಕ್ಕೆ ಹೋಗಿ ಜಗಲಿಯಲ್ಲಿ ಕೂತ. ಸುಗುಣಮ್ಮ ಡಬ್ಬಿ ತೆರೆದರು. ಕಪ್ಪು ಮೈ, ಹಳದಿ ನಿಬ್ಬು, ಹೆಬ್ಬೆರಳಿನಷ್ಟು ದಪ್ಪ. ದೇವುವಿಗೆ ನೋಡಿದ ಕೂಡಲೇ ಬೇಕೆನಿಸಿತು. ಆದರೆ ಏಲಂನವನು ಆಸೆಯನ್ನು ಮುಖದಲ್ಲಿ ತೋರಿಸಬಾರದಲ್ಲ. ಮುಚ್ಚಳ ಎತ್ತಿ, ಮೀನಿನ ಕಿವಿರು ಬಿಡಿಸಿ ನೋಡುವ ಹಾಗೆ ಒಳಗೆ ಇಣುಕಿದ. ಹೊಟ್ಟೆಯ ಭಾಗ ಬೆರಳಿನಿಂದ ಒತ್ತಿದ. ಮೂಸಿದ.

"ಎಂತ ಮಾಡ್ತ್ರಿ?" ಸುಗುಣಮ್ಮ ಕೇಳಿದರು.

"ತಾಜಾ ಇತ್ತಾ ಕಾಂತಿದ್ದೆ."

"ಅರವತ್ ವರ್ಷದ್ ಪೆನ್ನ್. ತಾಜಾ ಎಲ್ಲಿಂದ ಬರ್ಕ್?"

"ಹಾಂಗಾರೆ ರೇಟ್ ಕಮ್ಮಿ ಆಯ್ಕ್ ಅಲ್ದಾ ಅಮ್ಮ?"

"ಇದ್ ಹಳತಾದಷ್ಟೂ ಜಾಸ್ತಿ. ಎರಡ್ ಸಾವ್ರ."

ದೇವುವಿನ ಮೂವತ್ತು ವರ್ಷದ ವ್ಯಾಪಾರಜ್ಞಾನ ಜಗಲಿಯ ಮೇಲೆ ಬೋರಲು ಬಿತ್ತು. ಆದರೂ ಅವನು ಧೈರ್ಯಗೆಡಲಿಲ್ಲ. ಬೆಳಿಗ್ಗೆ ಎಷ್ಟೇ ಜೋರಿನಲ್ಲಿದ್ದ ರೇಟೂ ಸಂಜೆಯಾಗುವಾಗ ಕೆಳಗೆ ಬರಲೇಬೇಕು, ಅದು ಬಂದರಿನ ಕ್ರಮ. ಸಂಜೆಯ ತನಕ ಇಲ್ಲೇ ಕೂರುತ್ತೇನೆ ಎಂದುಕೊಂಡ. ಕೂತೇಬಿಟ್ಟ. ಸುಗುಣಮ್ಮ ಮನುಷ್ಯನಿಗೆ ಮನೆಯಲ್ಲೇನೋ ಕಷ್ಟ ಎಂದು ತಿಳಿದು ಎರಡು ಸಲ ಚಾ ಕೊಟ್ಟರು, ಮಧ್ಯಾಹ್ನ ಗಂಜಿ ಬಡಿಸಿದರು. ಐದು ಗಂಟೆಗೆ ದೇವು ಮೆಲ್ಲ ಕೇಳಿದ, "ಈಗಳ್ ಎಷ್ಟಾಯ್ತ್ ಅಮ್ಮ?"

"ಎರಡ್ ಸಾವ್ರದ ಐವತ್ತ್. ಬೆಳಿಗ್ಗಿಂದ ಇನ್ನೂ ಒಂದ್ ದಿನ ಹಳತಾಯ್ತ್ ಕಾಣಿ."

ನಾಳೆಗೆ ಇನ್ನೂ ಹಳತಾದೀತು ಎಂದು ಹೆದರಿ ದೇವು ಕೂಡಲೇ ಎಣಿಸಿ ಕೊಟ್ಟ. ಸುಗುಣಮ್ಮ ಪೆನ್ನನ್ನು ಕಣ್ಣಿಗೊತ್ತಿಕೊಂಡು ಅವನ ಕೈಗಿಟ್ಟರು. "ಒಳ್ಳೆ ಶಾಯಿ ಹಾಕಿ, ಸಿಕ್ಕಿದ್ದೆಲ್ಲ ಹಾಕ್ಬೇಡಿ. ನಮ್ಮನೆಯವ್ರ್ ಇದ್ರಗೆ ಒಂದ್ ಅಕ್ಷರ ಸುಳ್ಳ್ ಬರೀಲಿಲ್ಲ," ಎಂದರು. ದೇವು ಆಯ್ತು ಎಂದು ತಲೆ ಆಡಿಸಿದ. ತಲೆ ಆಡಿಸುವುದಕ್ಕೆ ಖರ್ಚೇನೂ ಇರಲಿಲ್ಲ.

ಒಳ್ಳೆ ಶಾಯಿ ಮಾತ್ರ ಕುಂದಾಪುರ ಪೇಟೆಯಿಡೀ ತಿರುಗಿದರೂ ಸಿಗಲಿಲ್ಲ. "ಈಗಳ್ ಅದ್ನೆಲ್ಲ ಯಾರ್ ಕೇಂತ್ರ್ ಮಾರಾಯ್ರೆ, ತರ್ಸುಕೆ ಹತ್ತ್ ದಿನ ಬೇಕ್," ಎಂದ ಪುಸ್ತಕದಂಗಡಿಯವ. ಇತ್ತ ಮದುವೆ ಕಾಗದ ಅಚ್ಚಾಗಿ ಬಂದಿತ್ತು. ಮುನ್ನೂರೈವತ್ತು ಲಕೋಟೆಯ ಮೇಲೂ ಹೆಸರನ್ನು ಹೊಸ ಪೆನ್ನಿನಲ್ಲಿ ತಾನೇ ಬರೆಯುತ್ತೇನೆಂದು ದೇವು ಅಕ್ಕನಿಗೆ ಮಾತು ಕೊಟ್ಟಾಗಿತ್ತು. ಹಂಚುವುದು ಭಾನುವಾರದಿಂದ.

ಶುಕ್ರವಾರ ಬೆಳಿಗ್ಗೆ ಬಂದರಿಗೆ ಬೊಂಡಾಸ್ ಬಂತು. ಹತ್ತು ಕಾಲಿನ ಆ ಮೀನಿನ ಹೊಟ್ಟೆಯಲ್ಲಿ ಒಂದು ಕಪ್ಪು ಚೀಲ ಇರುವುದು ನಿಮಗೂ ಗೊತ್ತು. ಅದು ಒಡೆದರೆ ಮುಟ್ಟಿದ್ದೆಲ್ಲ ಕಪ್ಪು. ಆ ದಿನವೂ ಒಂದು ಚೀಲ ಒಡೆದು ದೇವುವಿನ ಅಂಗಿಗೆ ಸಿಡಿಯಿತು. ಇಂಥದೇ ಒಂದು ಕಲೆಯನ್ನು ಶ್ರೀಲತಾ ನಾಲ್ಕು ವರ್ಷದಿಂದ ಉಜ್ಜುತ್ತಿದ್ದಳು, ಅದು ಇನ್ನೂ ಹೋಗಿರಲಿಲ್ಲ. ನಾಲ್ಕು ವರ್ಷ ಹೋಗದ ಕಪ್ಪು ಶಾಯಿಯಲ್ಲದೆ ಮತ್ತೇನು ಎಂದು ದೇವುವಿಗೆ ಆ ಕ್ಷಣದಲ್ಲಿ ಹೊಳೆಯಿತು. ಜಗತ್ತಿನ ದೊಡ್ಡ ದೊಡ್ಡ ಶೋಧಗಳು ಹೀಗೆಯೇ ಆದದ್ದಂತೆ. ಅವನ್ನು ಮಾಡಿದವರ ಹೆಂಡತಿಯರು ಏನು ಹೇಳಿದರೆಂದು ಯಾರೂ ಬರೆದಿಡಲಿಲ್ಲ.

ಇಪ್ಪತ್ತು ಬೊಂಡಾಸಿನ ಚೀಲ ಹಿಂಡಿ, ಚಾ ಸೋಸುವ ಜಾಲರಿಯಲ್ಲಿ ಎರಡು ಸಲ ಸೋಸಿ, ಕಾಲು ಚಮಚ ಉಪ್ಪು ಹಾಕಿ, ಕೆಮ್ಮಿನ ಔಷಧಿಯ ಬಾಟಲಿಗೆ ತುಂಬಿದ. ಪೆನ್ನಿಗೆ ಹಾಕಿ ಬರೆದ. ಏನು ಹೇಳುವುದು, ಅಕ್ಷರ ಹೊಳೆಯಿತು. ಕಂದುಗಪ್ಪು ಬಣ್ಣ, ಹಳೆಯ ತಾಮ್ರದ ಹಾಗೆ.

"ಚಂದ ಇತ್ತಲೆ. ಎಲ್ಲಿದ್ ಶಾಯಿ?" ಶ್ರೀಲತಾ ಕೇಳಿದಳು.

"ಫಾರಿನ್."

"ಯಾವ ಫಾರಿನ್?"

"ಸಮುದ್ರದ್ ಬದಿಯದ್."

ಇದನ್ನು ಪೂರ್ತಿ ಸುಳ್ಳೆನ್ನಲಿಕ್ಕಾಗದು. ಬೋಟು ಬಹಳ ದೂರ ಹೋಗಿ ಬಂದಿತ್ತು. ತಾಜಾ ಇದ್ದುದರಿಂದ ವಾಸನೆಯೂ ಇರಲಿಲ್ಲ, ಇದ್ದರೂ ಆ ಮನೆಯಲ್ಲಿ ಯಾರಿಗೂ ಪ್ರತ್ಯೇಕವಾಗಿ ಗೊತ್ತಾಗುತ್ತಿರಲಿಲ್ಲ.

ಎರಡು ದಿನ ಕೂತು ಮುನ್ನೂರ ನಲವತ್ತೊಂಬತ್ತು ಲಕೋಟೆ ಬರೆದ. ಒಂದು ಉಳಿಯಿತು, ಎಲ್ಲಕ್ಕಿಂತ ಮೊದಲು ಹೋಗಬೇಕಾದದ್ದು. ಮೊದಲ ಕಾಗದ ಕುಂಭಾಶಿಯ ಆನೆಗುಡ್ಡೆ ವಿನಾಯಕನಿಗೆ, ಆಮೇಲೆ ಉಳಿದವರಿಗೆ, ಅದು ನಮ್ಮಲ್ಲಿ ತಪ್ಪದ ಪದ್ಧತಿ. ದೇವು ಆ ಲಕೋಟೆಯ ಮೇಲೆ ಪೆನ್ನು ಇಟ್ಟ, ಎತ್ತಿದ, ಮತ್ತೆ ಇಟ್ಟ, ಮತ್ತೆ ಎತ್ತಿದ. ಕೊನೆಗೆ ಶ್ರೀಲತಾ ಬಚ್ಚಲಿಗೆ ಹೋದ ಹೊತ್ತು ನೋಡಿ ಪಕ್ಕದ ಅಂಗಡಿಯಿಂದ ಐದು ರೂಪಾಯಿಯ ಬಾಲ್ ಪೆನ್ನು ತಂದು ದೇವರ ಹೆಸರನ್ನು ಅದರಲ್ಲಿ ಬರೆದ. ಜಲಜ ಅದನ್ನು ದೇವರ ಮುಂದಿಟ್ಟು, ಪ್ರಸಾದದೊಂದಿಗೆ ಹಿಂದೆ ತಂದು, ತನ್ನ ಪರ್ಸಿನಲ್ಲಿ ಜೋಪಾನ ಮಾಡಿದಳು.

ಭಾನುವಾರ ಬ್ರಹ್ಮಾವರಕ್ಕೆ ಹೋಗಿ ಮಾಸ್ಟ್ರಿಗೆ ಕಾಗದ ಕೊಟ್ಟ. ಮಾಸ್ಟ್ರು ಲಕೋಟೆಯನ್ನು ಕನ್ನಡಕದ ಹತ್ತಿರ ಹಿಡಿದು, "ಎಂಥಾ ಕಪ್ಪು ದೇವಣ್ಣ, ಈ ಶಾಯಿ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ," ಎಂದರು. ದೇವು ಬೆಳೆದ. ಎಷ್ಟು ಬೆಳೆದನೆಂದರೆ, "ಸ್ವಲ್ಪ ನನಗೂ ಸಿಕ್ಕೀತಾ?" ಎಂದು ಮಾಸ್ಟ್ರು ಕೇಳಿದಾಗ ಹಿಂದೆಮುಂದೆ ನೋಡದೆ ಚೀಲದಿಂದ ಬಾಟಲಿ ತೆಗೆದು, ಅವರ ಪೆನ್ನಿನ ಹೊಟ್ಟೆ ತುಂಬ ಬೊಂಡಾಸ್ ತುಂಬಿಸಿ ಬಂದ.

ಮೇ ತಿಂಗಳ ಸೆಕೆ. ಮೂರನೆಯ ದಿನ ಶಾಯಿಗೆ ತನ್ನ ಮೂಲ ನೆನಪಾಯಿತು.

ಮೊದಲು ತಿಳಿದದ್ದು ಬೆಕ್ಕುಗಳಿಗೆ. ಮರವಂತೆಯಲ್ಲಿ ಒಂದು ಬೆಕ್ಕು ಮೇಜು ಹತ್ತಿ ಲಕೋಟೆಯ ಮೇಲಿನ ಹೆಸರನ್ನು ಮಾತ್ರ ನೆಕ್ಕಿ ತೆಗೆಯಿತು. ಆಮೇಲೆ ಬೈಂದೂರಿನಿಂದ ಕಿಟ್ಟಣ್ಣನ ಫೋನು ಬಂತು. ಕಿಟ್ಟಣ್ಣ ಎಂದರೆ ದೇವುವಿನ ದೊಡ್ಡಮ್ಮನ ಮಗ. ಕರೆದ ರೀತಿ ಸರಿಯಾಗಲಿಲ್ಲ ಎಂದು ಏಳು ಮದುವೆಗೆ ಹೋಗದವರು, ಹೋದ ಮದುವೆಗಳಲ್ಲಿ ಊಟ ಸರಿಯಾಗಲಿಲ್ಲ ಎಂದವರು.

"ಹ್ವಾಯ್ ದೇವು, ಮದಿ ಕಾಗ್ದ ಮುಟ್ಟಿತ್. ಹೊಸ ಕ್ರಮ ಲಾಯ್ಕಿತ್ತ್ ಮಾರಾಯ."

"ಯಾವ ಕ್ರಮ ಕಿಟ್ಟಣ್ಣ?"

"ನಂಗ್ ಗೊತ್ತಾಯ್ಲಿಲ್ಲ ಅಂದ್ಕಂಡ್ಯಾ? ಹ್ವಾದ್ ತಿಂಗ್ಳ್ ಒಂದ್ ಮದಿ ಕಾಗ್ದಕ್ಕೆ ಮಲ್ಲಿಗಿ ಪರಿಮಳ ಹಾಕಿದ್ರ್. ನೀ ಊಟದ್ ಪರಿಮಳವೇ ಹಾಕಿದ್ಯಲ. ಮನಿಯರೆಲ್ಲ ಮೂಸಿದ್ರ್. ಬಂಗ್ಡೆ ಅಲ್ಲ, ಬೊಂಡಾಸೇ. ಹೌದಾ ಅಲ್ದಾ?"

ಆ ಹೊತ್ತಿನಲ್ಲಿ ದೇವು ನಿಜ ಹೇಳಬಹುದಿತ್ತು. ಆದರೆ ನಿಜ ಹೇಳಿದರೆ ಫಾರಿನ್ ಶಾಯಿ ಹೋಗುತ್ತದೆ, ಮಾಸ್ಟ್ರ ಮುಂದೆ ಬೆಳೆದದ್ದೆಲ್ಲ ಇಳಿಯುತ್ತದೆ. "ಹಾಂ... ಅದ್ ಹಾಂಗೇ ಕಿಟ್ಟಣ್ಣ," ಎಂದುಬಿಟ್ಟ.

"ಹಾಂಗಾರೆ ಎರಡ್ ವ್ಯಾನ್ ಮಾಡ್ಕಂಡ್ ಬತ್ತೊ," ಎಂದು ಕಿಟ್ಟಣ್ಣ ಫೋನಿಟ್ಟರು.

ನಮ್ಮವರ ಮದುವೆಯಲ್ಲಿ ಧಾರೆಯ ದಿನ ಎಲೆಗೆ ಮೀನು ಬೀಳುವುದಿಲ್ಲ. ಪಾಯಸ, ಹೋಳಿಗೆ, ಅನಾನಸು ಮೆಣಸ್ಕಾಯಿ, ಅಷ್ಟೇ. ಧಾರೆಯ ದಿನವೇ ಬೊಂಡಾಸ್ ಎಂಬ ಸುದ್ದಿ ಕಿಟ್ಟಣ್ಣನ ಬಾಯಿಂದ ಹೊರಟು ತ್ರಾಸಿಗೆ ಬರುವಾಗ ಅದರ ಜೊತೆಗೆ ಅಂಜಲ್ ಮೀನೂ ಸೇರಿತು. ಹೆಮ್ಮಾಡಿಯಲ್ಲಿ ಏಡಿ ಸೇರಿತು. ಸಿದ್ದಾಪುರದವರು ಫೋನು ಮಾಡಿ, ಮೀನು ತಿನ್ನದವರಿಗೆ ಬೇರೆ ಪಂಕ್ತಿ ಇದೆಯೋ ಎಂದು ಕೇಳಿದರು. ಬರುವುದಿಲ್ಲ ಎಂದಿದ್ದವರೆಲ್ಲ ಬರುವವರಾದರು.

ಸುದ್ದಿ ಮದುವೆಯ ಮಂಟಪಕ್ಕೂ ಮುಟ್ಟಿತು. ಕುಂದಾಪುರದ ಆ ಮಂಟಪ ಒಂದು ದೇವಸ್ಥಾನದ್ದು, ಒಳಗೆ ಮೊಟ್ಟೆಯೂ ಬರುವಂತಿಲ್ಲ. ಮ್ಯಾನೇಜರು ದೇವುವನ್ನು ಕರೆಸಿದರು. ಅವರಿಗೆ ಕೊಟ್ಟಿದ್ದ ಮದುವೆ ಕಾಗದ ಪ್ಲಾಸ್ಟಿಕ್ ಚೀಲದೊಳಗೆ, ಕಿಟಕಿಯ ಹೊರಗಿನ ಮೊಳೆಯಲ್ಲಿ ನೇತಾಡುತ್ತಿತ್ತು. ಅದರ ಕೆಳಗೆ ಮೂರು ಬೆಕ್ಕು ಮೇಲೆ ನೋಡುತ್ತ ಕೂತಿದ್ದವು.

"ದೇವಣ್ಣ, ಇಲ್ಲಿ ಮೀನು ಬರುವುದಿಲ್ಲ ಎಂದು ನೀವು ಬರೆದುಕೊಡಬೇಕು. ಇಲ್ಲದಿದ್ದರೆ ಮಂಟಪ ಇಲ್ಲ."

"ಅದಕ್ಕೆಂತ, ಈಗ್ಳೇ ಬರ್ದ್ ಕೊಡ್ತೆ," ಎಂದು ದೇವು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿ ಇಂಕ್ ಪೆನ್ನು ತೆಗೆದ. ಮೂರು ಸುತ್ತು ತಿರುಗಿಸಿದ. 'ಮದುವೆಯ ದಿನ ಮಂಟಪದೊಳಗೆ ಯಾವುದೇ ತರಹದ ಮೀನು ತರುವುದಿಲ್ಲ' ಎಂದು ದುಂಡಗೆ ಬರೆದು ಸಹಿ ಹಾಕಿದ. ಮ್ಯಾನೇಜರು ಕಾಗದವನ್ನು ಓದಲಿಕ್ಕೆ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು.

"ಇದೇ ಮೀನು ವಾಸನೆ ಬರ್ತದಲ್ಲ ಮಾರಾಯ್ರೆ."

ಕಿಟಕಿಯಿಂದ ಒಂದು ಬೆಕ್ಕು ಒಳಗೆ ಹಾರಿತು. ಮುಂದಿನದ್ದನ್ನು ನೋಡಲು ದೇವು ಅಲ್ಲಿ ನಿಲ್ಲಲಿಲ್ಲ.

ಇದನ್ನೆಲ್ಲ ಹೇಗೋ ಸುಧಾರಿಸಬಹುದಿತ್ತು. ಆದರೆ ಮದುವೆಗೆ ಆರು ದಿನ ಇರುವಾಗ ಜಲಜ ಏದುಸಿರು ಬಿಡುತ್ತ ಬಂದಳು.

"ದೇವು, ಮದಿ ನಿಂತ್ ಹೋತ್ ಕಾಂತ್."

"ಎಂತಕ್ಕೆ?"

"ಮಾಸ್ಟ್ರ್ ಕದ್ದ್ ಮೀನ್ ತಿಂದಿರಂಬ್ರ್."

ಸಂಗತಿ ಹೀಗಿತ್ತು. ಮೂರು ವರ್ಷದ ಹಿಂದೆ, ಶೈಲೇಶನಿಗೆ ಎಲ್ಲೂ ಹೆಣ್ಣು ಕೂಡಿ ಬಾರದೆ ಇದ್ದಾಗ, ಮಾಸ್ಟ್ರು ಆನೆಗುಡ್ಡೆಯಲ್ಲಿ ಹರಕೆ ಹೇಳಿಕೊಂಡಿದ್ದರು. ಮಗನ ಧಾರೆಯಾಗುವ ತನಕ ಮೀನು ಮುಟ್ಟುವುದಿಲ್ಲ ಎಂದು. ಮೂರು ವರ್ಷ ಅಂಜಲ್ ಹುರಿದ ಮನೆಯ ಮುಂದೆ ಮೂಗು ಮುಚ್ಚಿ ನಡೆದವರು. ಈಗ ನಾಲ್ಕು ದಿನದಿಂದ ಅವರ ಅಂಗಿಯ ಜೇಬು, ಬೆರಳು, ಕರವಸ್ತ್ರ, ಮೇಜಿನ ಕಾಗದ ಎಲ್ಲ ಮೀನು ನಾರುತ್ತಿತ್ತು. ಅವರ ಹೆಂಡತಿ ರತ್ನಮ್ಮ ಅಂಗಿ ಒಗೆಯುವಾಗ ಹಿಡಿದರು. ಮಾಸ್ಟ್ರು ಪೇಟೆಗೆ ಹೋಗಿ ಹೋಟೆಲಿನಲ್ಲಿ ಕದ್ದು ತಿನ್ನುತ್ತಿದ್ದಾರೆ, ಹರಕೆ ಮುರಿಯಿತು, ಮುರಿದ ಹರಕೆಯ ಮೇಲೆ ಮಗನ ಮದುವೆ ಮಾಡಿಸಲಾರೆ ಎಂದು ಕೂತುಬಿಟ್ಟರು. ತಿಂದಿಲ್ಲವಾದರೆ ದೇವರ ಎದುರು ಆಣೆ ಹಾಕಲಿ. ಮಾಸ್ಟ್ರೋ, ಮಕ್ಕಳಿಗೇ ಆಣೆ ಹಾಕಬೇಡಿ ಎಂದು ಕಲಿಸಿದವನು ನಾನು, ಮದುವೆ ನಿಂತರೂ ಆಣೆ ಹಾಕುವುದಿಲ್ಲ ಎಂದು ಕೂತರು.

"ನಾಳೆ ಬೆಳಿಗ್ಗೆ ಎಲ್ಲರೂ ಕುಂಭಾಶಿಗೆ ಬಪ್ಪುದಂಬ್ರ್. ಅಲ್ಲಿ ಅವ್ರ್ ಆಣಿ ಹಾಕ್ದಿರೆ ಮುಗೀತ್," ಎಂದು ಜಲಜ ಸೆರಗಿನಲ್ಲಿ ಕಣ್ಣೊರೆಸಿದಳು. ಪ್ರೇಕ್ಷಾ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಹೀಗೆ ನಿಂತದ್ದನ್ನು ದೇವು ಅವಳ ಆರನೆಯ ವರ್ಷದಲ್ಲಿ, ತಂದೆ ತೀರಿಹೋದಾಗ, ಒಂದು ಸಲ ನೋಡಿದ್ದ. ಅವನಿಗೆ ರಾತ್ರಿ ಊಟ ಸೇರಲಿಲ್ಲ. ನಿಜ ಹೇಳಿದರೆ ಅಕ್ಕ ಧಾರೆಯ ಹತ್ತಿರ ಸೇರಿಸುವುದಿಲ್ಲ, ಅದು ಖಂಡಿತ. ರೇಷ್ಮೆ ಪಂಚೆ ತೆಗೆದು ನೋಡಿದ, ಮಡಚಿಟ್ಟ.

ಮರುದಿನ ಕುಂಭಾಶಿಯ ದೇವಸ್ಥಾನದ ಮೆಟ್ಟಿಲ ಹತ್ತಿರ ಎರಡೂ ಕಡೆಯವರು ಎದುರುಬದುರು ನಿಂತರು. ಪಕ್ಕದಲ್ಲಿ ದರ್ಶನದ ಸಾಲು.

"ಮೂರ್ ವರ್ಷ ಬಾಯಿ ಕಟ್ಟಿದ್ರಿ, ಇನ್ನ್ ಐದ್ ದಿನ ಕಟ್ಟುಕ್ ಆಯ್ಲಿಲ್ಯಾ?" ರತ್ನಮ್ಮ ಕೇಳಿದರು.

"ತಿಂದಿಲ್ಲ ಎಂದರೆ ತಿಂದಿಲ್ಲ. ಆಣೆ ಹಾಕುವುದಿಲ್ಲ."

"ಹಾಂಗಾರೆ ಮದಿ ಇಲ್ಲ."

ದೇವು ಗುಟ್ಟಿನಲ್ಲಿ ಹೇಳಬೇಕೆಂದೇ ಬಾಯಿ ತೆರೆದದ್ದು. ಆದರೆ ಅವನ ಗಂಟಲಿಗೆ ಗುಟ್ಟು ಎಂಬುದು ಗೊತ್ತಿರಲಿಲ್ಲ. "ಮಾಸ್ಟ್ರ್ ಮೀನ್ ತಿನ್ಲಿಲ್ಲ, ಅವ್ರ್ ಪೆನ್ನಿಗೆ ಬೊಂಡಾಸಿನ್ ಶಾಯಿ ಹಾಕಿದ್ದ್ ನಾನ್," ಎಂದದ್ದು ದರ್ಶನದ ಸಾಲಿಗೆ, ಹಣ್ಣುಕಾಯಿ ಅಂಗಡಿಯವರಿಗೆ, ರಸ್ತೆಯಲ್ಲಿ ನಿಂತ ರಿಕ್ಷಾದವರಿಗೆಲ್ಲ ಸ್ಪಷ್ಟವಾಗಿ ಕೇಳಿತು.

ಮಾಸ್ಟ್ರ ಕಣ್ಣು ಒದ್ದೆಯಾಯಿತು. ಅವರು ದೇವುವಿನ ಎರಡೂ ಕೈ ಹಿಡಿದುಕೊಂಡರು. "ಬೇಡ ದೇವಣ್ಣ. ನನ್ನ ಮಾನ ಉಳಿಸಲಿಕ್ಕೆ ನೀವು ಇಷ್ಟು ದೊಡ್ಡ ಸುಳ್ಳು ಹೇಳಬೇಡಿ."

"ಸುಳ್ಳಲ್ಲ ಮಾಸ್ಟ್ರೆ."

"ಯಾರಾರೂ ಪೆನ್ನಿಗೆ ಬೊಂಡಾಸ್ ಹಾಕ್ತ್ರಾ?" ರತ್ನಮ್ಮ ತಲೆ ಅಲ್ಲಾಡಿಸಿದರು. "ಮದಿ ಉಳ್ಸುಕೆ ತನ್ ಮೇಲ್ ಹಾಕ್ಕಂತಿದ್ರ್, ಪಾಪ."

"ನಾನ್ ಹಾಕ್ದೆ. ಇಪ್ಪತ್ ಬೊಂಡಾಸ್. ಚಾ ಜಾಲರಿಯಗೆ ಸೋಸ್ದೆ."

ಚಾ ಜಾಲರಿ ಎಂದಾಗ ಶ್ರೀಲತಾ ಒಂದು ಸಲ ಗಂಡನ ಮುಖ ನೋಡಿದಳು. ಉಳಿದವರು ಯಾರೂ ನಂಬಲಿಲ್ಲ. ಸಾಲಿನಲ್ಲಿ ನಿಂತ ಒಬ್ಬಾಕೆ, "ಮಾವ ಅಂದ್ರೆ ಹೀಂಗಿರ್ಕ್," ಎಂದು ಪಕ್ಕದವಳಿಗೆ ಹೇಳಿದಳು. ಆಯುಷ್ಯದಲ್ಲಿ ಮೊದಲ ಸಲ ಇಷ್ಟು ಕಷ್ಟಪಟ್ಟು ನಿಜ ಹೇಳಿದರೆ ಜನ ಹೊಗಳಿ ಹೊಗಳಿ ಅದನ್ನು ಸುಳ್ಳು ಮಾಡುತ್ತಿದ್ದರು. ದೇವು ಅಕ್ಕನ ಕಡೆ ತಿರುಗಿದ.

"ಅಕ್ಕ, ದೇವ್ರ್ ಎದ್ರ್ ಇಟ್ಟ ಕಾಗ್ದ ಪರ್ಸಗೆ ಇತ್ತಾ? ತೆಗಿ."

ಜಲಜ ತೆಗೆದಳು. ರತ್ನಮ್ಮನ ಕೈಚೀಲದಲ್ಲಿ ಅವರಿಗೆ ಬಂದ ಕಾಗದವೂ ಇತ್ತು. ದೇವು ಎರಡನ್ನೂ ಅವರ ಕೈಗಿಟ್ಟ. ರತ್ನಮ್ಮ ತಮ್ಮದನ್ನು ಮೂಸಿದರು, ಮುಖ ಸಿಂಡರಿಸಿದರು. ದೇವರದನ್ನು ಮೂಸಿದರು. ಅರಿಶಿನ, ಕುಂಕುಮ, ಗಂಧ. ಅಷ್ಟೇ.

"ಇದ್ರಗೆ ವಾಸ್ನೆ ಇಲ್ಲ. ಇದೆಂತಕ್ಕೆ?"

"ದೇವ್ರಿಗ್ ಮಾತ್ರ ಬಾಲ್ ಪೆನ್ನಲ್ ಬರ್ದೆ," ದೇವು ತಲೆ ತಗ್ಗಿಸಿದ. "ಹೆದ್ರಿಕೆ ಆಯ್ತ್."

ಆಗ ಎಲ್ಲರೂ ನಂಬಿದರು. ರತ್ನಮ್ಮ ಗಂಡನ ಜೇಬಿನಿಂದ ಪೆನ್ನು ಎಳೆದು, ಮುಚ್ಚಳ ತೆಗೆದು ಮೂಸಿ, ಮೂರು ಮೆಟ್ಟಿಲು ಹಿಂದೆ ಹೋದರು. ಮತ್ತೆ ಗಂಡನ ಮುಖ ನೋಡಿದರು, ಸೆರಗು ಬಾಯಿಗೆ ಒತ್ತಿಕೊಂಡರು, ನಗು ತಡೆಯದೆ ಮೆಟ್ಟಿಲ ಮೇಲೆ ಕೂತೇಬಿಟ್ಟರು. ಮಾಸ್ಟ್ರೂ ಅವರ ಪಕ್ಕದಲ್ಲಿ ಕೂತರು.

ಜಲಜ ಮಾತ್ರ ನಗಲಿಲ್ಲ. "ದೇವ್ರಿಗ್ ಹೆದ್ರುಕೆ ಗೊತ್ತಿತ್ತ್, ಅಕ್ಕಂಗ್ ಹೆದ್ರುಕೆ ಗೊತ್ತಿಲ್ಲ ಅಲ್ದಾ? ಧಾರೆಗೆ ನೀ ನಿಲ್ಲುದ್ ಬೇಡ. ಬೈಂದೂರ್ ಕಿಟ್ಟಣ್ಣ ನಿಲ್ಲಲಿ."

ದೇವುವಿನ ಗಂಟಲಿನಿಂದ ಸ್ವರವೇ ಬರಲಿಲ್ಲ. ಮೂವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಆಯ್ತು ಎಂಬಂತೆ ತಲೆ ಮಾತ್ರ ಆಡಿಸಿದ.

ಪ್ರೇಕ್ಷಾ ಮುಂದೆ ಬಂದಳು. "ಅಮ್ಮ, ಕಿಟ್ಟ ಮಾವ ಧಾರೆ ಎರಿಲಿ, ಅಡ್ಡಿಲ್ಲ. ಮದಿ ಹೆಣ್ಣ್ ಬೇರೆ ಯಾರಾರೂ ಆಯ್ಲಿ. ನಾನ್ ಹಸಿಮಣಿ ಮೇಲ್ ಕೂಕಂತಿಲ್ಲೆ."

ಜಲಜ ಮಗಳನ್ನು ನೋಡಿದಳು, ತಮ್ಮನನ್ನು ನೋಡಿದಳು, ಪರ್ಸು ಮುಚ್ಚಿದಳು. "ಕೈ ಸಮಾ ತೊಳ್ಕಂಡ್ ಬಾ ಹಾಂಗಾರೆ," ಎಂದಳು.

ಹೊರಡುವಾಗ ದೇವು ಮಾಸ್ಟ್ರನ್ನು ಮೆಲ್ಲ ಕೇಳಿದ, "ನಿಶ್ಚಯದ್ ದಿನ ನಾನ್ ಸಹಿ ಹಾಕಿದ್ ಮೇಲೆ ಪೆನ್ನ್ ಒರ್ಸಿದ್ರಿ ಅಲ್ದಾ?"

"ಅದಾ? ನಾನು ಬರೆದರೂ ಒರೆಸುತ್ತೇನೆ. ನಿಬ್ಬಿನ ಬುಡದಲ್ಲಿ ಸೋರುತ್ತದೆ ದೇವಣ್ಣ, ಹಳೆ ಪೆನ್ನಲ್ಲವಾ."

ದೇವು ಹತ್ತು ಹೆಜ್ಜೆ ನಡೆದು ಒಂದು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತುಕೊಂಡ.

ಮದುವೆಯ ದಿನ ಮ್ಯಾನೇಜರು ಅಡುಗೆಮನೆಯ ಬಾಗಿಲಲ್ಲೇ ಕುರ್ಚಿ ಹಾಕಿ ಕೂತರು. ಕಿಟ್ಟಣ್ಣನ ಎರಡು ವ್ಯಾನು ಬಂತು. ಮೊದಲ ಪಂಕ್ತಿಯಲ್ಲೇ ಕೂತ ಕಿಟ್ಟಣ್ಣ ಎಲೆಯ ಮೇಲಿನ ಕೋಸಂಬರಿ ನೋಡಿದರು, ಪಲ್ಯ ನೋಡಿದರು, ಮುಂದಿನ ಬಕೆಟಿನಲ್ಲಿ ಬರಬಹುದೆಂದು ಹೋಳಿಗೆಯ ತನಕ ಕಾದರು. ಅವರು ಬಾಯಿ ತೆರೆಯುವುದಕ್ಕೆ ಮೊದಲೇ ದೇವು ಮೈಕು ಹಿಡಿದ. ಅವನಿಗೆ ಮೈಕು ಬೇಕಿರಲಿಲ್ಲ, ಮರ್ಯಾದೆಗೆ ಹಿಡಿದದ್ದು. "ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಕೋಡಿಯಗೆ ನಮ್ಮನಿ ಅಂಗ್ಳದಗೆ ಬೊಂಡಾಸ್ ಸುಕ್ಕ, ಅಂಜಲ್. ಕಾಗ್ದ ಮೂಸಿದವ್ರೆಲ್ಲ ಬರ್ಕ್." ಮೂರು ವರ್ಷದ ಹರಕೆ ಅಷ್ಟು ಹೊತ್ತಿಗೆ ತೀರಿದ್ದ ಕೊರಗ ಮಾಸ್ಟ್ರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಅದಕ್ಕೆ ಮೊದಲು ಧಾರೆ ಆಗಿತ್ತು. ದೇವು ರೇಷ್ಮೆ ಪಂಚೆ ಉಟ್ಟು, ಸೋಪಿನಲ್ಲಿ ನಾಲ್ಕು ಸಲ, ಲಿಂಬೆಹುಳಿಯಲ್ಲಿ ಎರಡು ಸಲ ಕೈ ತೊಳೆದು ಬಂದು ಎರೆದ. ಊಟದ ಮೇಲೆ ಮದುವೆಯ ರಿಜಿಸ್ಟರು ಬಂತು. ಮದುಮಗಳು ಸಹಿ ಹಾಕಬೇಕು. ದೇವು ಗಡಿಬಿಡಿಯಲ್ಲಿ ಕಿವಿಯಿಂದ ಐಸ್ ಪ್ಲಾಂಟಿನ ಪೆನ್ನು ತೆಗೆದುಕೊಟ್ಟ. ಅದು ಎಂದಿನಂತೆ ಬರೆಯಲಿಲ್ಲ.

"ಮಾವ, ಆ ಹಳೆ ಪೆನ್ನ್ ಎಲ್ಲಿತ್ತ್?" ಪ್ರೇಕ್ಷಾ ಕೇಳಿದಳು.

ಶ್ರೀಲತಾಳ ಕೈಚೀಲದಲ್ಲಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿ ಇತ್ತು. "ತೊಳ್ದಿದೆ ಮಗಾ, ಆದ್ರೂ ವಾಸ್ನೆ ಹೋಯ್ಲಿಲ್ಲ. ಅದ್ರಗೆ ಬೇಡ," ಎಂದ ದೇವು.

"ನಿಮ್ ಕೈ ಹಿಡ್ಕಂಡ್ ಶಾಲಿಗ್ ಹೋಪ ಹೊತ್ತಿಗೂ ಇದೇ ವಾಸ್ನೆ ಇದ್ದಿತ್ ಅಲ್ದಾ? ಕೊಡಿ."

ಒಳಗೆ ಉಳಿದಿದ್ದ ಎರಡು ಹನಿಯಲ್ಲಿ ಅವಳು ಸಹಿ ಹಾಕಿದಳು. ದೇವು ಕರವಸ್ತ್ರ ತೆಗೆದು ಪೆನ್ನನ್ನು ಚೆನ್ನಾಗಿ ಒರೆಸಿ ಜೇಬಿಗೆ ಹಾಕಿಕೊಂಡ. ಮ್ಯಾನೇಜರು ಮೂಗು ಮುಚ್ಚಿಕೊಂಡು ರಿಜಿಸ್ಟರಿಗೆ ಸೀಲು ಒತ್ತಿದರು. ಅವಳು ಸಹಿ ಹಾಕಿದ ಒಂದು ಪ್ರತಿ ಈಗ ಬ್ರಹ್ಮಾವರದ ಮನೆಯ ಕಪಾಟಿನಲ್ಲಿದೆ, ಮತ್ತು ಆ ಮನೆಯ ಬೆಕ್ಕು ಹಾಸಿಗೆ ಬಿಟ್ಟು ಕಪಾಟಿನ ಬಾಗಿಲಲ್ಲೇ ಮಲಗುತ್ತದೆ.